ಮೂರನೇ ರೂಟರ್

೭ ನವೆಂಬರ್, ಗುರುವಾರ, ಬೆಳಿಗ್ಗೆ ೧೧.೧೫
ಮತ್ತೆ ಮುನವಳ್ಳಿಯ ಇಂಟರ್ನೆಟ್ ಡೌನ್. ಪ್ರತಿ ಗುರುವಾರ, ಹನ್ನೊಂದಕ್ಕೆ ಸರಿಯಾಗಿ. ಕಂಪ್ಲೇಂಟ್ ಕೇಳಿ ಕೇಳಿ ಕಿವಿ ಕಾದಿದೆ. ನಮ್ಮ ಕೇಬಲ್ ಕಂಪನಿಯ ಮಾಲೀಕ ಭರಮಪ್ಪನವರಿಗೆ ಇಪ್ಪತ್ತೊಂದರೊಳಗೆ ನಕ್ಷೆ ಬೇಕಂತೆ — ಸವದತ್ತಿಯಿಂದ ಮುನವಳ್ಳಿವರೆಗೆ ಯಾವ ರೂಟರ್ ಯಾವುದಕ್ಕೆ ಕೂಡಿದೆ, ಎಲ್ಲ. ಕಾಗದದ ಮೇಲೆ ಒಂದು ಗೆರೆಯೂ ಇಲ್ಲ. ಇರುವುದೆಲ್ಲ ಲೈನ್‌ಮನ್ ಲಗಮಣ್ಣನ ತಲೆಯಲ್ಲಿ.

೯ ನವೆಂಬರ್
ಸಿಗ್ನಲ್ ಯಾವ ಯಾವ ರೂಟರ್ ದಾಟಿ ಹೋಗುತ್ತದೆಂದು ಕಂಪ್ಯೂಟರಿನಲ್ಲಿ ಟ್ರೇಸ್ ಹಾಕಿದೆ. ಒಂದು, ಎರಡು, ನಾಲ್ಕು ಉತ್ತರ ಕೊಡುತ್ತವೆ. ಮೂರನೆಯದರ ಜಾಗದಲ್ಲಿ ಪರದೆಯ ಮೇಲೆ ಬರೀ ಚುಕ್ಕಿ. ಲಗಮಣ್ಣನನ್ನು ಕೇಳಿದೆ.
“ಅದು ಒಬ್ಬರ ಮನ್ಯಾಗ ಐತ್ರಿ ಮೇಡಂ.”
“ಯಾರ ಮನ್ಯಾಗ?”
“ಐತ್ರಿ ಒಂದು ಮನಿ. ನಾ ನೋಡ್ಕೋತೇನ್ರಿ, ನೀವು ಬಿಡ್ರಿ.”
ಕಂಬದ ಮೇಲೆ ನೇರ ಹೋಗಬೇಕಾದ ಕೇಬಲ್ಲನ್ನು ಓಣಿ ಸುತ್ತಿಸಿ ಯಾರದೋ ಮನೆಯೊಳಗೆ ಏಕೆ ಒಯ್ದ? ಎಷ್ಟು ಕೇಳಿದರೂ ಕಲ್ಲ ಮೇಲೆ ಮಳೆ ಸುರಿದಂತೆ. ತಲೆ ಚಿಟ್ಟು ಹಿಡಿಯಿತು.

೧೪ ನವೆಂಬರ್, ಗುರುವಾರ
ಹನ್ನೊಂದು. ಡೌನ್. ಲಗಮಣ್ಣನನ್ನು ಬೇಕೆಂದೇ ರಾಮದುರ್ಗಕ್ಕೆ ಕಳಿಸಿದ್ದೆ. ಕೇಬಲ್ ಜಾಡು ಹಿಡಿದು ನಾನೇ ಹೋದೆ. ಮುನವಳ್ಳಿ, ಶೆಟ್ಟೆವ್ವ ಎಂಬವಳ ಮನೆ. ಬಾಗಿಲು ತೆಗೆದವಳು ಸೊಸೆ ಯಶೋಧಾ. ನನ್ನ ಹಿಂದೆ ಓಣಿಯತ್ತ ನೋಡಿದಳು.
“ಅಪ್ಪ ಬರಲಿಲ್ಲೇನ್ರಿ?”
ಲಗಮಣ್ಣನ ಮಗಳು!
ಕಟ್ಟೆಯ ಮೇಲಿಂದ ಶೆಟ್ಟೆವ್ವ ಹೇಳಿದಳು: “ಮದುವ್ಯಾಗ ಜಗಳಾ ತಗದಾಂವ ಅಂವ. ಬೀಗ ಅಂತ ಬಂದ್ರ ಹೊಸ್ತಿಲಾ ದಾಟ್ಸೂದಿಲ್ರಿ. ಡಬ್ಬಿ ರಿಪೇರಿಗೆ ಬಂದ್ರ ಏನ್ ಮಾಡೋದು? ನನ್ನ ಸೀರಿಯಲ್ ನಿಂತಿರತಾವ.”
ರೂಟರ್ ಕೆಟ್ಟಿರಲಿಲ್ಲ. ಯಾರೋ ಸ್ವಿಚ್ ಆಫ್ ಮಾಡಿದ್ದರು. ಪಕ್ಕದಲ್ಲಿ ಮುಚ್ಚಿಟ್ಟ ತಾಟು — ಬಿಸಿ ರೊಟ್ಟಿ, ಪುಂಡಿಪಲ್ಲೆ. ಯಶೋಧಾ ನೆಲ ನೋಡುತ್ತ ನಿಂತಿದ್ದಳು. ಸ್ವಿಚ್ ಹಾಕಿ ಬಂದೆ. ನನಗೇ ನಾಚಿಕೆಯಾಯಿತು.

೨೦ ನವೆಂಬರ್
ನಕ್ಷೆಯ ಕರಡು ನೋಡಿ ಭರಮಪ್ಪನವರು, “ಈ ಮೂರನೇದು ಯಾಕ ಬೇಕು? ತಗೀರಿ. ನೇರ ಲೈನ್ ಎಳೀರಿ,” ಅಂದರು. ಸರಿಯಾದ ಮಾತೇ. ಹದಿನೈದು ದಿನದ ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ. ಲಗಮಣ್ಣ ಅಲ್ಲೇ ನಿಂತಿದ್ದ. ಹೊರಗೆ ಬಂದ ಮೇಲೆ, “ನಾಳೆ ಗುರುವಾರ ಐತ್ರಿ ಮೇಡಂ,” ಅಂದ, ಅಷ್ಟೇ. ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

೨೧ ನವೆಂಬರ್, ಗುರುವಾರ, ೧೧.೦೫
ಡೌನ್. ಫೋನು ಬಡಿದುಕೊಳ್ಳುತ್ತಿದೆ. ಎಲ್ಲರಿಗೂ ಒಂದೇ ಉತ್ತರ: “ಲಗಮಣ್ಣಾರು ಹೋಗ್ಯಾರ್ರಿ, ಒಂದು ತಾಸು ಹಿಡೀತೈತಿ.” ರೊಟ್ಟಿ ತಿನ್ನಲು ಅಷ್ಟಾದರೂ ಬೇಕು.
ನಕ್ಷೆ ಈಗಲೇ ಕಳಿಸಬೇಕು. ಮೂರನೆಯದರ ಮುಂದೆ ಬರೆದೆ — ತೆಗೆಯಬಾರದು. ಕಾರಣ…