ಭಾರದ ನಕ್ಷತ್ರ ಎಷ್ಟು ಹಿಗ್ಗುತ್ತದೆ

ನವೆಂಬರ್ 3, ಸೋಮವಾರ. ಸಂಜೆ
ಹೊಸದುರ್ಗದ ಕಾಲೇಜಿನಲ್ಲಿ ನಾಲ್ಕು ಕ್ಲಾಸು ಪಾಠ ಮಾಡಿದೆ, ಒಂದು ಲ್ಯಾಬ್ ಬೇರೆ. ಹೊಳಲ್ಕೆರೆವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ದೊಡ್ಡಮ್ಮ ಬಾಗಿಲಲ್ಲೇ ಟೀ ಕೊಟ್ಟಳು. ನನ್ನ ಪಿಎಚ್‌ಡಿ ಗೈಡ್ ಸರ್ ಮೇಲ್ ಬಂದಿದೆ. ಮೂರನೇ ಅಧ್ಯಾಯ ನಂಬುವ ಹಾಗಿಲ್ಲ, ತೆಗೆದುಬಿಡು ಅಂತ. ಅದನ್ನು ತೆಗೆದರೆ ಥೀಸಿಸ್‌ನಲ್ಲಿ ಏನು ಉಳಿಯಿತು, ಮಣ್ಣು! 14ಕ್ಕೆ ಕೊಡದಿದ್ದರೆ ರಿಜಿಸ್ಟ್ರೇಶನ್ ರದ್ದು. ಏಳು ವರ್ಷ...

ನವೆಂಬರ್ 5. ಬೆಳಿಗ್ಗೆ 5.30
ಮೂರನೇ ಅಧ್ಯಾಯದ ವಿಷಯ ಸರಳ. ಎರಡು ನ್ಯೂಟ್ರಾನ್ ನಕ್ಷತ್ರಗಳು (ಉರಿದು ಮುಗಿದ ನಕ್ಷತ್ರಗಳ ಗಟ್ಟಿ ತಿರುಳು) ಸುತ್ತುತ್ತ ಸುತ್ತುತ್ತ ಹತ್ತಿರ ಬರುತ್ತವೆ. ಚಂದ್ರ ಸಮುದ್ರವನ್ನು ಎಳೆದಂತೆ ಒಂದನ್ನೊಂದು ಎಳೆದು ಹಿಗ್ಗಿಸುತ್ತವೆ. ಹಿಗ್ಗಲು ಬೇಕಾದ ಶಕ್ತಿ ಸುತ್ತಾಟದಿಂದಲೇ ಖರ್ಚಾಗುತ್ತದೆ. ಹಾಗಾಗಿ ಸ್ವಲ್ಪ ಬೇಗ ಸೇರಿಬಿಡುತ್ತವೆ. ಅವು ಹೊರಡಿಸುವ ಗುರುತ್ವದ ಅಲೆಯ ಕೊನೆಯ ಕ್ಷಣಗಳಲ್ಲಿ ಆ ಆತುರ ಕಾಣುತ್ತದೆ. ಕಂಪ್ಯೂಟರಿನಲ್ಲಿ ನಾನು ಮಾಡಿದ ನಕ್ಷತ್ರಗಳಿಗೆ ಮಾತ್ರ ವಿಪರೀತ ಆತುರ — ಹಿಗ್ಗುವಿಕೆಯ ಪರಿಣಾಮ ಇರಬೇಕಾದದ್ದರ ಹತ್ತಿರ ಹತ್ತಿರ ಎರಡು ಪಟ್ಟು. ಯಾಕೆ? ಗೊತ್ತಿಲ್ಲ. ಭಯವಾಗುತ್ತಿದೆ.

ನವೆಂಬರ್ 9, ಭಾನುವಾರ. ಮಧ್ಯಾಹ್ನ
ಲ್ಯಾಪ್‌ಟಾಪಿನಲ್ಲಿ ಎರಡು ನಕ್ಷತ್ರಗಳ ತೂಕದ, ಹಿಗ್ಗುವಿಕೆಯ ಪಟ್ಟಿ ತೆರೆದಿದ್ದೆ. ದೊಡ್ಡಮ್ಮ ಬೆಳ್ಳುಳ್ಳಿ ಸುಲಿಯುತ್ತ ಪಕ್ಕದಲ್ಲಿ ಕೂತಿದ್ದಳು.
“ಎರಡ್ರಾಗೆ ಯಾವ್ದೇ ಭಾರ?”
ಮೊದಲನೆಯದು ಅಂತ ತೋರಿಸಿದೆ.
“ಹಂಗಾರೆ ಅದೇ ಜಾಸ್ತಿ ಹಿಗ್ಗತೈತೇನು?”
“ಇಲ್ಲ ದೊಡ್ಡಮ್ಮ. ಭಾರದ್ದು ತನ್ನ ತೂಕಕ್ಕೆ ತಾನೇ ಕುಗ್ಗಿ ಗಟ್ಟಿಯಾಗಿರ್ತೈತೆ. ಹಗುರದ್ದೇ ಜಾಸ್ತಿ ಹಿಗ್ಗೋದು.”
ಕನ್ನಡಕ ಏರಿಸಿ ಸ್ಕ್ರೀನ್ ನೋಡಿದಳು. ಮೂವತ್ತು ವರ್ಷ ಸೊಸೈಟಿಯಲ್ಲಿ ರೇಷನ್ ಪಟ್ಟಿ ನೋಡಿದ ಕಣ್ಣು.
“ಮತ್ತೆ ಭಾರದ್ದರ ಮುಂದೆ ಸಾವಿರದ ನೂರು ಐತಲ್ಲೇ. ಹಗುರದ್ದಕ್ಕೆ ಬರೀ ಇನ್ನೂರು?”
ಅಯ್ಯೋ. ಎರಡು ಪಟ್ಟಿಯಲ್ಲೂ ದೊಡ್ಡ ಅಂಕಿ ಮೊದಲು ಹಾಕಿದ್ದೇನೆ! ತೂಕದ್ದು ಸರಿ. ಹಿಗ್ಗುವುದರ ಪಟ್ಟಿ ಉಲ್ಟಾ ಇರಬೇಕಿತ್ತು. ಎಂಥ ಕತ್ತೆ ನಾನು.

ನವೆಂಬರ್ 12
ಸರಿಮಾಡಿ ಮತ್ತೆ ಓಡಿಸಿದೆ. ಕೂಡಿತು. ಲೆಕ್ಕ ಪೂರ್ತಿ ಕೂಡಿತು! ಸರ್‌ಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡಿದ್ದೆ.
“ಎರಡು ವರ್ಷದಿಂದ ಆ ಫೈಲ್ ನಾನೂ ನೋಡ್ತಿದ್ದೀನಲ್ಲಮ್ಮ,” ಅಂದರು. ಆಮೇಲೆ, “ಅಧ್ಯಾಯ ಇರಲಿ.”
ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಎಷ್ಟು ಹಗುರವಾಯಿತು.

ನವೆಂಬರ್ 14. ಸಂಜೆ 4.10. ಬಸ್ಸಿನಲ್ಲಿ
ಕೊಟ್ಟೆ. ಥೀಸಿಸ್ ಮೇಲೆ ಯೂನಿವರ್ಸಿಟಿ ಆಫೀಸಿನ ಸೀಲು ಬಿತ್ತು. ರಸೀದಿ ಪರ್ಸಿನಲ್ಲಿದೆ — ಹಿರಿಯೂರು ಬರುವಷ್ಟರಲ್ಲಿ ನಾಲ್ಕು ಸಲ ತೆಗೆದು ನೋಡಿದೆ. ಕೊಡುವ ಮುಂಚೆ ಕೃತಜ್ಞತೆಯ ಪುಟ ಓದಿ ಸರ್ ಕೇಳಿದರು, “ಮೂರನೇ ಅಧ್ಯಾಯದ ದೋಷ ತೋರಿಸಿಕೊಟ್ಟವರು ಶ್ರೀಮತಿ ಏಕನಾಥಮ್ಮ... ಇವರು ಯಾವ ಇನ್‌ಸ್ಟಿಟ್ಯೂಟು?”
“ನಮ್ಮ ದೊಡ್ಡಮ್ಮ ಸರ್. ಹೊಳಲ್ಕೆರೆ.”
ಸರ್ ಪೆನ್ನು ತೆಗೆದರು. ಆ ಸಾಲು ಹೊಡೆದುಹಾಕುತ್ತಾರೆ ಅಂದುಕೊಂಡೆ. ಗೈಡಿನ ಪ್ರಮಾಣಪತ್ರದ ಪುಟಕ್ಕೆ ತಮ್ಮ ಸಹಿ ಹಾಕಿ ಕೊಟ್ಟರು.
ಈಗ ಐಮಂಗಲ. ದೊಡ್ಡಮ್ಮನಿಗೆ ಫೋನ್ ಮಾಡಿ ಆ ಸಾಲು ಓದಿ ಹೇಳಿದೆ.
“ಇನ್ನೊಂದ್ಸಲ ಓದೇ.”
ಓದಿದೆ, ಈ ಸಲ ಬಸ್ಸಿನವರಿಗೆಲ್ಲ ಕೇಳುವಷ್ಟು ಜೋರಾಗಿ.