ಖಾಲಿ ಮನೆಗಳ ಪಟ್ಟಿ

ಗೆಳತಿ,

ನಿನ್ನ ವಿಳಾಸ ಗೊತ್ತಿಲ್ಲ, ಆದರೂ ಹೇಳದೆ ಇರಲಾರೆ. ನಮ್ಮ ಬೀದಿಯನ್ನು ಕೆಡವಿ ಹೊಸದಾಗಿ ಕಟ್ಟುವ ಬಗ್ಗೆ ಇವತ್ತು ಸಭೆಯಿತ್ತು. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯ ಪುಟ್ಟ ಬೆಂಚುಗಳಲ್ಲಿ ಮುದುರಿ ಕೂತಿದ್ದೆವು.

"ಅರ್ಧ ಬೀದಿ ಖಾಲಿ. ಯಾರಿಗೋಸ್ಕರ ಉಳಿಸೋದು?" ಎಂದರು ಅಧಿಕಾರಿ.

"ನಮಗೋಸ್ಕರ ಸ್ವಾಮಿ! ನಾವೇನು ದೆವ್ವಗಳಾ?" ಎಂದ ಕ್ಷೌರಿಕ. ಎಲ್ಲರೂ ಗೊಳ್ಳೆಂದು ನಕ್ಕರು.

ಖಾಲಿ ಮನೆಗಳ ಪಟ್ಟಿಯಲ್ಲಿ ನಿನ್ನ ಮನೆ ಬಂದಾಗ ನಾನು ಎದ್ದು ನಿಂತೆ. "ಅದು ಖಾಲಿ ಅಲ್ಲ. ಅವಳು ಊರಿಗೆ ಹೋಗಿದಾಳೆ, ಬರ್ತಾಳೆ."

"ಯಾವಾಗ ಹೋದ್ರು?"

"ಹನ್ನೊಂದು ವರ್ಷ ಆಯ್ತು."

ಅಧಿಕಾರಿಯೂ ನಕ್ಕುಬಿಟ್ಟರು, ನಿನ್ನ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕಿದರು. ಕೆಡವುವ ಮಾತು ಮುಂದಿನ ವರ್ಷಕ್ಕೆ ಹೋಯಿತು.

"ಹೋಗೋದಾದ್ರೆ ಹೋಗು" ಎಂದು ಅವತ್ತು ಬಾಗಿಲು ಹಾಕಿಕೊಂಡವಳು ನಾನೇ ಎಂಬುದನ್ನು ಮಾತ್ರ ಸಭೆಯಲ್ಲಿ ಹೇಳಲಿಲ್ಲ.