ಕೊನೆ ಹೇಳಬಾರದು

ನವೆಂಬರ್ 3, ಸೋಮವಾರ

ಕೋಲು ಹಿಡಿದು ಅಂಗಳ ಸುತ್ತಿದ್ದಾಯಿತು. ಸೊಂಟ ಇನ್ನೂ ಮಾತು ಕೇಳುತ್ತಿಲ್ಲ. ಅಬೇಕೆ ಇವತ್ತೂ ಅಕಾರಾ ವಡೆ ಸೀಯಿಸಿದಳು. ಮಗ ಗೋಕೆಯ ಹೆಂಡತಿಯಾಗಿ ಈ ಮನೆಗೆ ಬಂದು ಎಷ್ಟು ವರ್ಷ... ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಇನ್ನೂ ನನ್ನನ್ನೇ ಕೇಳುತ್ತಾಳೆ.

ಮಗಳು ಮೊರೊಲಾಯೊ ಫೋನ್ ಮಾಡಿದಳು, ಲಾಗೋಸಿನ ಆಸ್ಪತ್ರೆಯಿಂದ. ಮತ್ತೆ ಡಯಾಲಿಸಿಸ್.

"ನಾನು ಬರ್ತೀನಿ," ಎಂದೆ.

"ಆ ಸೊಂಟ ಇಟ್ಕೊಂಡು ಅಬೆಯೊಕುಟಾದಿಂದ ಇಲ್ಲೀತನಕ ಕಾರಲ್ಲಿ ಬಂದ್ರೆ, ನಂಗೂ ನಿಮ್ಗೂ ಅಕ್ಕಪಕ್ಕದ ಮಂಚ ಆಗುತ್ತೆ ಅಮ್ಮ. ಕಾಲಿಗೆ ಎಣ್ಣೆ ಹಚ್ಕೊಂಡ್ರಾ?"

"ಮೊದ್ಲು ನಿಂದು ನೋಡ್ಕೊ."

ನಕ್ಕಳು. ನಕ್ಕರೆ ಈಗ ಕೆಮ್ಮು ಬರುತ್ತದೆ. ಅಣ್ಣನ ಕಿಡ್ನಿ ಅವಳಿಗೆ ಹೊಂದಲಿಲ್ಲ. ನನ್ನದು ತೆಗೆದುಕೊಳ್ಳಿ ಎಂದೆ. ಎಪ್ಪತ್ತು ದಾಟಿದವರದ್ದು ಬೇಡವಂತೆ.

ಮಧ್ಯಾಹ್ನ ಟ್ಯಾಬ್ಲೆಟ್. ಸೊಂಟ ಮುರಿದಾಗ ಅವಳೇ ಕಳಿಸಿದ್ದು. ಅಕ್ಷರವನ್ನು ಹೆಬ್ಬೆರಳಷ್ಟು ಮಾಡಿಕೊಳ್ಳಬಹುದು. ಅದರಲ್ಲಿ ಬೈಬಲ್ ಇದೆ ಎಂದು ಗೋಕೆ ತಿಳಿದಿದ್ದಾನೆ. ಇದೆ. ಬೈಬಲ್ ಜೊತೆಗೆ ಚಂದ್ರನ ಮೇಲೆ ಸಂತೆ ಕೂಡಿಸುವ ಹೆಂಗಸರು, ಮಂಜು ನೇಯುವ ಹುಡುಗಿ, ಸತ್ತ ಮೇಲೂ ಬಾಡಿಗೆ ಕೇಳಲು ಬರುವ ಮನೆ ಯಜಮಾನ — ಎಲ್ಲರೂ ಇದ್ದಾರೆ. ಮೊರೊಲಾಯೊ ಇಂಥ ನಡೆಯದ ಸಂಗತಿಗಳ ಪುಸ್ತಕಗಳನ್ನೇ ಹೊರತರುತ್ತಾಳೆ. ಕಾಗದವೇ ಇಲ್ಲದ ಪುಸ್ತಕ. ಕಲಬಾರ್ ಕಡೆಯ ಎಕೊಂಗ್ ಎಂಬವನ ಜೊತೆ ಸೇರಿ ನಡೆಸುವ ಪುಟ್ಟ ಪ್ರಕಾಶನ, 'ನೀಲಿ ಹಂಡೆ'. ಮುಟ್ಟಲಾಗದ ಸರಕು ಮಾರುವುದು ವ್ಯಾಪಾರವಲ್ಲ ಎಂದು ಹೇಳಿದ್ದೆ. ಈಗಲೂ ಹೇಳುತ್ತೇನೆ. ಓದುವುದು ಬೇರೆ.

ಅವರ ಓದುಗರ ಗುಂಪಿಗೂ ಸೇರಿದ್ದೇನೆ. 'ಇಟೋಕು ಮುದುಕಿ' ಎಂಬ ಹೆಸರಿನಲ್ಲಿ. ನಮ್ಮೂರ ಇಟೋಕು ಮಾರುಕಟ್ಟೆಯಲ್ಲಿ ಬಟ್ಟೆ ಅಂಗಡಿಗೊಬ್ಬ ಮುದುಕಿ ಇದ್ದಾಳೆ, ಯಾರೆಂದು ಹುಡುಕುತ್ತಾರೆ. ಮಗಳಿಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ನವೆಂಬರ್ 8, ಶನಿವಾರ

ಗುಂಪಿನಲ್ಲಿ ಶನಿವಾರ ಕೇಳುವ ದಿನ. ಒಬ್ಬರು ತಮಗೆ ಬೇಕಾದ್ದು ಹೇಳುತ್ತಾರೆ, ಉಳಿದವರು ಪುಸ್ತಕ ಸೂಚಿಸುತ್ತಾರೆ. ನಿಯಮ ಇದೆ: ಮೂರು ವಾಕ್ಯ ಮೀರಬಾರದು, ಕೊನೆ ಹೇಳಬಾರದು. ಒಳ್ಳೆಯ ನಿಯಮ. ಇಲ್ಲದಿದ್ದರೆ ಜನ ಬಾಯಿ ಮುಚ್ಚುವುದಿಲ್ಲ.

ಕುಮಾಸಿಯ ಮೇಷ್ಟ್ರೊಬ್ಬರು ಕೇಳಿದರು — ದೆವ್ವ ಇರಬೇಕು, ಹೆದರಿಸಬಾರದು. ಒಬ್ಬಳು ನೈರೋಬಿಯ ಸಣ್ಣ ಪ್ರಕಾಶನದ ಹೆಸರು ಕೊಟ್ಟಳು. ಇನ್ನೊಬ್ಬ, ಹರಾರೆಯಲ್ಲಿ ಅಕ್ಕ ತಂಗಿ ಅಡುಗೆಮನೆಯಲ್ಲೇ ಕೂತು ನಡೆಸುವ ಪ್ರಕಾಶನದ್ದು. ದೊಡ್ಡ ಅಂಗಡಿಗಳಲ್ಲಿ ಇವರ ಹೆಸರೇ ಕಾಣುವುದಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹೋಗಬೇಕು, ನಾನು ಬಟ್ಟೆ ಮಾರಿದ ಹಾಗೆಯೇ.

ಮಂಜು ನೇಯುವ ಹುಡುಗಿಯ ಬಗ್ಗೆ ನನ್ನ ಅಭಿಪ್ರಾಯ ಬರೆದೆ: ಇದನ್ನು ಬರೆದಾತ ಜೀವಮಾನದಲ್ಲಿ ಬಟ್ಟೆಗೆ ಬಣ್ಣ ಹಾಕಿಲ್ಲ. ನೀಲಿ ಬಣ್ಣ ಕದಡಿದ ಹಂಡೆಯಿಂದ ಬಟ್ಟೆ ನೀಲಿಯಾಗಿಯೇ ಮೇಲೆ ಬರುತ್ತದಂತೆ. ಹಸಿರಾಗಿ ಬರುತ್ತದೆ. ಗಾಳಿ ತಾಗಿದ ಮೇಲೆ ನೀಲಿ.

ಪ್ರಕಾಶನದಿಂದ ಉತ್ತರ ಬಂತು. ಅವಳೇ. "ಇಟೋಕು ಮುದುಕಿಯವರೇ, ನೀವು ಥೇಟ್ ನಮ್ಮಮ್ಮನ ಥರ ಬೈತೀರಿ. ಅವರ ಅಂಗಳದ ಹಂಡೆಯ ಹೆಸರೇ ನಮ್ಮ ಪ್ರಕಾಶನಕ್ಕೆ ಇಟ್ಟಿರೋದು. ಹತ್ತಿರ ಹೋದ್ರೆ ಕೈಮೇಲೆ ಏಟು ಬೀಳ್ತಿತ್ತು."

"ಬಿಸಿ ಹಂಡೆ ಹತ್ತಿರ ಮಕ್ಕಳನ್ನ ಬಿಡೋ ತಾಯಿ ತಾಯಿಯೇ ಅಲ್ಲ," ಎಂದು ಬರೆದೆ.

"ಹಂಡೆ ಬಿಸಿ ಇರ್ತಿರಲಿಲ್ಲ ಅಜ್ಜಿ. ಬಟ್ಟೆ ಹಾಳಾಗುತ್ತೆ ಅಂತ ಹೊಡೀತಿದ್ರು."

ಸುಳ್ಳಲ್ಲ.

ನವೆಂಬರ್ 15, ಶನಿವಾರ

ಮೊರೊಲಾಯೊ ತಾನೇ ಒಂದು ಕಾದಂಬರಿ ಬರೆಯುತ್ತಿದ್ದಾಳೆ. 'ನದಿ ತಳದ ಸಂತೆ'. ವಾರಕ್ಕೊಂದು ಅಧ್ಯಾಯ. ನನಗೆ ಹೇಳಿಲ್ಲ. ಗುಂಪಿನಲ್ಲಿ ಇಬಾದಾನಿನ ಹುಡುಗಿಯೊಬ್ಬಳು ಸೂಚಿಸಿದ ಮೇಲೆ ಗೊತ್ತಾಯಿತು. ಎಲ್ಲ ಅಧ್ಯಾಯವನ್ನೂ ಎರಡು ದಿನದಲ್ಲಿ ಮುಗಿಸಿದೆ.

ಓಗುನ್ ನದಿಯ ತಳದಲ್ಲಿ ಮುಳುಗಿದವರ ಸಂತೆ. ಮುಳುಗುವಾಗ ಕೈಯಲ್ಲಿ ಏನಿತ್ತೋ ಅದನ್ನೇ ಮಾರುತ್ತ ಕೂತಿರುತ್ತಾರೆ. ಒಬ್ಬ ತಾಯಿ ಮಗಳನ್ನು ಹುಡುಕುತ್ತ ಇಳಿದು ಬರುತ್ತಾಳೆ. ಯಾರನ್ನು ಕೇಳಿದರೂ ಒಂದೇ ಮಾತು — ಈಗ ತಾನೇ ಇದ್ದಳಲ್ಲ, ಪಕ್ಕದ ಸಾಲಿಗೆ ಹೋದಳು ನೋಡಿ. ತಾಯಿ ಸಾಲಿನಿಂದ ಸಾಲಿಗೆ ಹೋಗುತ್ತಾಳೆ.

ನೀರಿನಿಂದ ಮೇಲೆ ಬಂದವರು ಅವಳ ಪುಸ್ತಕದಲ್ಲಿ ಮೊದಲು ಹಸಿರು. ಗಾಳಿ ತಾಗಿದ ಮೇಲೆ ನೀಲಿ. ಏಟು ತಿಂದರೂ ನೋಡಿದ್ದಾಳೆ, ಕಳ್ಳಿ.

ಎರಡು ಅಧ್ಯಾಯ ಬಾಕಿ. ಫೋನಿನಲ್ಲಿ ಏನೂ ಕೇಳಲಿಲ್ಲ. "ಮಲಗೋ ಹೊತ್ತಲ್ಲಿ ಕಂಪ್ಯೂಟರ್ ಮುಂದೆ ಕೂರ್ಬೇಡ," ಎಂದಷ್ಟೇ ಹೇಳಿದೆ.

"ನಂಗೆ ಇನ್ನೇನ್ ಕೆಲಸ ಅಮ್ಮ ಇಲ್ಲಿ? ಬೇಗ ಮುಗಿಸ್ಬೇಕು."

"ಯಾಕೆ ಬೇಗ?"

"ಓದೋರು ಕಾಯ್ತಿದಾರೆ. ಒಬ್ಬ ಅಜ್ಜಿ ಅಂತೂ ವಿಪರೀತ."

ನವೆಂಬರ್ 29, ಶನಿವಾರ

ಹೋದ ವಾರದ ಅಧ್ಯಾಯ ಬಂತು. ಕೊನೆಯದು ಇವತ್ತು ಬರಬೇಕಿತ್ತು. ಬರಲಿಲ್ಲ.

ಗುಂಪಿನಲ್ಲಿ ಕೇಳಿದೆ. "ಪ್ರಿಯ ಓದುಗರೇ, ತಡವಾದುದಕ್ಕೆ ಕ್ಷಮೆ ಇರಲಿ" ಎಂದು ಪ್ರಕಾಶನದಿಂದ ಉತ್ತರ. ಅವಳು ಯಾರನ್ನೂ ಪ್ರಿಯ ಓದುಗರೇ ಎಂದವಳಲ್ಲ. ಇದು ಎಕೊಂಗ್.

ಮಂಗಳವಾರ ಅವಳ ದನಿ ಕೇಳಿದ್ದು. ಆಮೇಲೆ ಲಾಗೋಸಿನಲ್ಲಿರುವ ಗೋಕೆಯ ದನಿಯೇ. ಗಂಟಲಿಗೆ ನಳಿಕೆ ಹಾಕಿದ್ದಾರಂತೆ, ಮಾತಾಡಬಾರದಂತೆ.

ಹೊರಗೆ ಧೂಳು. ಹರ್ಮಟಾನ್ ಗಾಳಿ ಈ ಸಲ ಬೇಗ ಬಂತು. ಊರ ನೆತ್ತಿಯ ದೊಡ್ಡ ಬಂಡೆಯೂ ಕಾಣಿಸುತ್ತಿಲ್ಲ.

ಡಿಸೆಂಬರ್ 4, ಗುರುವಾರ

ಬೆಳಿಗ್ಗೆ ಎದ್ದಾಗ ನನ್ನ ಫೋನ್ ಇಲ್ಲ.

"ರಿಪೇರಿಗೆ ಕಳಿಸಿದೀನಿ ಅಮ್ಮ. ಪರದೆ ಹಾಳಾಗಿದೆಯಂತೆ," ಅಬೇಕೆ ಹೇಳಿದಳು.

"ನಿನ್ನೆ ತನಕ ನನ್ನ ಕಣ್ಣಿಗೆ ಸರಿಯಾಗೇ ಕಾಣ್ತಿತ್ತು."

"ಒಳಗಡೆ ಹಾಳಾಗಿದೆಯಂತೆ."

ರೇಡಿಯೊ ಕೂಡ ಇಲ್ಲ. ಅದರ ಒಳಗಡೆಯೂ ಹಾಳಾಗಿರಬೇಕು.

ಮಧ್ಯಾಹ್ನದ ಸಾರಿಗೆ ಉಪ್ಪಿರಲಿಲ್ಲ. ಹೇಳಿದೆ. ಅಬೇಕೆ ಉಟ್ಟ ಬಟ್ಟೆಯ ಅಂಚಿನಿಂದ ಕಣ್ಣು ಒರೆಸಿಕೊಂಡಳು. "ಹೊಗೆ ಅಮ್ಮ." ಗ್ಯಾಸ್ ಒಲೆಯಲ್ಲಿ ಎಂಥ ಹೊಗೆ. ಇವತ್ತಿನಿಂದ ನನ್ನ ಕೋಣೆಯಲ್ಲೇ ಚಾಪೆ ಹಾಸಿಕೊಳ್ಳುತ್ತಾಳಂತೆ. ಪಾದ್ರಿಯ ಹೆಂಡತಿ ಬಂದು ನನ್ನ ಸೊಂಟಕ್ಕಾಗಿ ಪ್ರಾರ್ಥನೆ ಮಾಡಿದಳು. ಸೊಂಟಕ್ಕೆ ಅಷ್ಟು ಉದ್ದದ ಪ್ರಾರ್ಥನೆ ಬೇಕಿಲ್ಲ.

ಗೋಕೆ ಲಾಗೋಸಿನಿಂದ ಬಂದ. ವಾರದ ನಡುವೆ. ಊಟ ಮುಟ್ಟಲಿಲ್ಲ.

ಈ ಕೆಲಸ ನನಗೆ ಗೊತ್ತು. ಈ ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ಮಾಡಿದವರಿಲ್ಲ. ಎದುರುಮನೆ ರಿಸಿಕಾತುವಿನ ಮಗ ರಸ್ತೆ ಅಪಘಾತದಲ್ಲಿ ಹೋದಾಗ, ಹಿರಿಯರು ಬಂದು ಕೂತು ಹೇಳುವ ತನಕ ತಾಯಿಯ ಕಿವಿಗೆ ಗಾಳಿಯೂ ಬೀಳದ ಹಾಗೆ ನೋಡಿಕೊಂಡೆ. ಯಾರು ಅವಳ ಜೊತೆ ಮಲಗಬೇಕು, ಯಾರು ಗೇಟಿನಲ್ಲಿ ನಿಲ್ಲಬೇಕು, ಯಾರು ಏನು ಹೇಳಬೇಕು. ಸಾರಿಗೆ ಉಪ್ಪು ಹಾಕಿಸಿದ್ದೆ. ಗಂಡಸರನ್ನು ಬಡಿಸಿದಷ್ಟೂ ಉಣ್ಣಿಸಿದ್ದೆ.

ಇವರಿಗೆ ಬರುವುದಿಲ್ಲ.

ಟ್ಯಾಬ್ಲೆಟ್ ಮಾತ್ರ ಹಾಸಿಗೆಯ ಮೇಲೇ ಇದೆ. ಗೋಕೆಯೇ ಚಾರ್ಜಿಗೆ ಹಾಕಿ ಕೊಟ್ಟ. "ಬೈಬಲ್ ಓದ್ಕೊಳಿ ಅಮ್ಮ. ಸಮಾಧಾನ ಆಗುತ್ತೆ." ಪುಸ್ತಕದೊಳಗಿಂದ ಸುದ್ದಿ ಬರಬಹುದೆಂದು ಅವನಿಗೆ ಹೊಳೆದಿಲ್ಲ. ತಂಗಿಯ ಒಂದು ಪುಸ್ತಕವನ್ನಾದರೂ ಓದಿದ್ದರೆ ಹೊಳೆಯುತ್ತಿತ್ತು.

ತೆರೆಯಲಿಲ್ಲ. ಮೊಣಕಾಲ ಮೇಲೆ ಇಟ್ಟುಕೊಂಡು ಕೂತೆ.

ಡಿಸೆಂಬರ್ 5

ತೆರೆಯಲಿಲ್ಲ.

ಡಿಸೆಂಬರ್ 6, ಶನಿವಾರ

ತೆರೆದೆ.

ಎಕೊಂಗ್ ಬರೆದಿದ್ದಾನೆ. ಬುಧವಾರ ಬೆಳಗಿನ ಜಾವವಂತೆ. ಗುರುವಾರ ಮಣ್ಣು ಮಾಡಿದರಂತೆ. ಕುಟುಂಬದವರು ಸದ್ಯ ಹೊರಗೆಲ್ಲೂ ಹೇಳಬೇಡಿ ಎಂದಿದ್ದಾರೆ, ಆದರೆ ಇಲ್ಲಿರುವುದು ಓದುಗರು ಮಾತ್ರ, ನಿಮಗೆ ಹೇಳದಿದ್ದರೆ ಅವಳೇ ಬೇಸರಪಡುತ್ತಿದ್ದಳು — ಎಂದೆಲ್ಲ. ಒಳ್ಳೆಯ ಹುಡುಗ. ಚೆನ್ನಾಗಿಯೇ ಬರೆದಿದ್ದಾನೆ.

ಗುರುವಾರ. ಹಾಗಾದರೆ ಗೋಕೆ ಅಲ್ಲಿಂದಲೇ ನೆಟ್ಟಗೆ ಬಂದದ್ದು. ಅವನ ಷೂನಲ್ಲಿ ಕೆಂಪು ಮಣ್ಣಿತ್ತು. ಬಾಗಿಲಲ್ಲಿ ಬಿಟ್ಟು ಬಾ ಎಂದು ಬೈದಿದ್ದೆ.

ಬರಹದ ಕೆಳಗೆ ಒಂದು ಫೋಟೊ. ಬೆರಳಿಂದ ಒತ್ತಿದರೆ ಮಾತ್ರ ತೆರೆಯುತ್ತದೆ, ಅಲ್ಲಿಯವರೆಗೆ ಮಸುಕು. ಕೆಳಗೆ ಕೆಂಪು, ಮೇಲೆ ಬಿಳಿ. ಹೂವಿರಬೇಕು.

ಹೆತ್ತವರು ಮಗುವಿನ ಸಮಾಧಿ ನೋಡಬಾರದು. ಎಲ್ಲಿದೆ ಎಂದು ಕೇಳಲೂ ಬಾರದು. ನಮ್ಮಲ್ಲಿ ಹಾಗೆ. ಕಲಬಾರಿನ ಹುಡುಗನಿಗೆ ಅದು ಹೇಗೆ ಗೊತ್ತಿರಬೇಕು.

ಬೆರಳು ಅಲ್ಲೇ ಇಟ್ಟುಕೊಂಡಿದ್ದೆ. ಅಬೇಕೆ ಗಂಜಿ ತಂದಳು.

"ಏನ್ ಓದ್ತಿದೀರಿ ಅಮ್ಮ?"

"ಯೋಬನ ಕತೆ." ಬೈಬಲ್ಲಿನಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡವನು.

"ಒಳ್ಳೇದು," ಎಂದಳು.

ಒತ್ತಲಿಲ್ಲ.

ಡಿಸೆಂಬರ್ 9, ಮಂಗಳವಾರ

ಇವರಿಗೆ ಬರದಿದ್ದರೆ ನಾನೇ ನಡೆಸಿಕೊಡಬೇಕು, ಇನ್ನೇನು. ಗೋಕೆಗೆ ಸುಳ್ಳು ಮುಗಿಯುತ್ತ ಬಂದಿದೆ. ನಾನು ಕೇಳುವುದು ಕಡಿಮೆ ಮಾಡಿದ್ದೇನೆ.

"ಊಟ ಮಾಡ್ತಾಳಾ?"

"ಮಾಡ್ತಾಳೆ ಅಮ್ಮ. ಸ್ವಲ್ಪ ಸ್ವಲ್ಪ."

"ಸರಿ. ನೀನೂ ಮಾಡು. ಕೂತ್ಕೊ."

ನನ್ನೆದುರೇ ಕೂರಿಸಿ ಅಮಾಲಾ ಮುದ್ದೆ ಉಣ್ಣಿಸಿದೆ. ಐವತ್ತರ ಗಂಡಸು. ತಟ್ಟೆಯ ಮೇಲೆ ಬಗ್ಗಿ ಉಂಡ, ತಲೆ ಎತ್ತಲಿಲ್ಲ. ಸುಳ್ಳು ಹೇಳುವುದನ್ನು ಮಕ್ಕಳಿಗೆ ನಾನು ಕಲಿಸಲಿಲ್ಲ.

ಸಂಜೆ ಅಬೇಕೆ ಎಣ್ಣೆ ಬಟ್ಟಲು ಹಿಡಿದು ಬಂದಳು. "ನೀವು ಮಲಗಿದ್ದಾಗ ಮೊರೊಲಾಯೊ ಅಕ್ಕ ಫೋನ್ ಮಾಡಿದ್ರು. ಗಂಟಲಿನ ನಳಿಕೆ ತೆಗೆದಿದಾರಂತೆ."

ಇಷ್ಟು ಧೈರ್ಯ ಅವಳಲ್ಲಿ ಇದೆಯೆಂದು ಗೊತ್ತಿರಲಿಲ್ಲ.

"ಏನಂದ್ಲು?"

"ಅಮ್ಮ ಕಾಲಿಗೆ ಎಣ್ಣೆ ಹಚ್ಕೊಂಡ್ರಾ ಅಂತ ಕೇಳಿದ್ರು."

ಕಾಲು ಚಾಚಿದೆ. ಹಚ್ಚಿದಳು. ಕೈ ಒಳ್ಳೆಯದು ಅವಳದು.

ಡಿಸೆಂಬರ್ 13, ಶನಿವಾರ. ಬೆಳಗಿನ ಜಾವ

ಎಕೊಂಗ್ ಕೊನೆಯ ಅಧ್ಯಾಯ ಹಾಕಿದ್ದಾನೆ. ಅವಳು ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಗೆ. ತಾಯಿ ಕಡೆಯ ಸಾಲಿಗೆ ಬಂದಿದ್ದಾಳೆ. ಅಲ್ಲಿ ಬಟ್ಟೆ ಮಾರುವವಳೊಬ್ಬಳು ಬೆನ್ನು ಹಾಕಿ ಕೂತಿದ್ದಾಳೆ, ಪಕ್ಕದಲ್ಲಿ ಹಂಡೆ. ತಾಯಿ ಕೈ ಎತ್ತುತ್ತಾಳೆ. ಹೊಡೆಯುವುದಕ್ಕೋ ಮುಟ್ಟುವುದಕ್ಕೋ — ಅಷ್ಟೇ ಇರುವುದು.

ಕುಮಾಸಿಯ ಮೇಷ್ಟ್ರು ಕೇಳಿದ್ದಾರೆ: "ಇಷ್ಟು ದಿನ ಈ ಗುಂಪಿನಲ್ಲಿದ್ದೂ ಇವರದ್ದು ಒಂದೂ ಓದಲಿಲ್ಲವಲ್ಲ ನಾನು. ಯಾವುದರಿಂದ ಶುರು ಮಾಡಲಿ?" ಯಾರೂ ಉತ್ತರ ಕೊಟ್ಟಿಲ್ಲ. ಕೊಡಲು ಆಗುತ್ತಿಲ್ಲ ಅವರಿಗೆ.

ನಾನು ಕೊಡುತ್ತೇನೆ. ಮೊದಲು ಇಲ್ಲಿ ಬರೆದುಕೊಂಡು, ಆಮೇಲೆ ಅಲ್ಲಿ.

ಗೇಟಿನ ಸದ್ದು. ಕೆಮ್ಮು — ಅಬಿಯೋನಾನದು, ನನ್ನ ಗಂಡನ ತಮ್ಮ. ಈಗ ಅವನೇ ಮನೆತನಕ್ಕೆ ಹಿರಿಯ. ಜೊತೆಯಲ್ಲಿ ಇನ್ನೂ ಚಪ್ಪಲಿಗಳು. ಹೇಳುವುದಿದ್ದರೆ ಈ ಹೊತ್ತಿಗೇ ಬರುತ್ತಾರೆ, ಊರು ಏಳುವ ಮೊದಲು. ಅಬೇಕೆ ಬೆಂಚು ಎಳೆಯುತ್ತಿದ್ದಾಳೆ. ನೆಲಕ್ಕೆ ಉಜ್ಜಬೇಡ ಎಂದು ಎಷ್ಟು ಸಲ ಹೇಳಿಲ್ಲ.

ಕೂರಲಿ. ನೀರು ಕುಡಿಯಲಿ. ಅವರು ಬಾಯಿ ಬಿಡುವ ತನಕ ನನ್ನ ಮಗಳು ಲಾಗೋಸಿನಲ್ಲಿ ಮಲಗಿದ್ದಾಳೆ, ಸ್ವಲ್ಪ ಸ್ವಲ್ಪ ಉಣ್ಣುತ್ತಿದ್ದಾಳೆ. ತಲೆಗೆ ಬಟ್ಟೆ ಸುತ್ತಿಕೊಂಡಿದ್ದೇನೆ, ನೀಲಿಯದು. ನಾನು ಅವರೆದುರು ಕುಸಿದು ಬೀಳುವುದಿಲ್ಲ.

"ಇಯಾ ಗೋಕೆ, ಎದ್ದಿದೀರಾ?" ಅಬಿಯೋನಾ ಕರೆದ, ಗೋಕೆಯ ತಾಯಿ ಎಂದು.

"ಎದ್ದಿದೀನಿ. ಬಂದೆ, ಕೂತ್ಕೊಳಿ."

ಮೂರು ವಾಕ್ಯ.

'ನದಿ ತಳದ ಸಂತೆ'ಯಿಂದ ಶುರು ಮಾಡಿ ಮೇಷ್ಟ್ರೇ, ದೆವ್ವಗಳಿವೆ, ಹೆದರಿಸುವುದಿಲ್ಲ. ಬಟ್ಟೆ ಹಂಡೆಯಿಂದ ಹಸಿರಾಗಿ ಬಂದು ಗಾಳಿಗೆ ನೀಲಿಯಾಗುವುದನ್ನು ಏಟು ತಿಂದುಕೊಂಡೇ ಕಲಿತವಳು ಬರೆದದ್ದು. ಅವಳು ನನ್ನ —